ಒಕ್ಕಣ್ಣನ ಬಲಮೂಲೆ

ಅಣ್ಣನ ಮನೆಯ ಬೆಲ್ ಒತ್ತುವ ಮೊದಲು ಬಿಲ್ಲೆ ಚೀಲದೊಳಗೆ ಕೈ ಹಾಕಿ ನೇಲ್ ಕಟರ್ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು. ಭಾನುವಾರ ಅಪ್ಪನ ಉಗುರು ತೆಗೆಯುವ ದಿನ. ಅಪ್ಪ ಇರುವುದು ಅಣ್ಣನ ಮನೆಯಲ್ಲಿ. ಆ ಮನೆಯಲ್ಲಿ ನೇಲ್ ಕಟರಿಗೆ ಬರವಿಲ್ಲ, ಮುದುಕನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವವರಿಗೆ ಬರ. ಅತ್ತಿಗೆಗೆ ಸೊಂಟನೋವು, ಅಣ್ಣನಿಗೆ ಬಿಡುವಿಲ್ಲ, ಅವರ ಮಗಳಿಗೆ ಒಂಥರಾ ಅಸಹ್ಯ. ಹಾಗಾಗಿ ಊರಿನ ಆ ತುದಿಯಿಂದ ಬಸ್ಸು ಬದಲಾಯಿಸಿಕೊಂಡು ಬಿಲ್ಲೆಯೇ ಬರಬೇಕು. ಬರುತ್ತಿದ್ದಳು ಕೂಡ, ಒಂದು ವಾರವೂ ತಪ್ಪಿಸದೆ.

ಬಿಲ್ಲೆ ಎಂಬುದು ಅಪ್ಪ ಅಂಟಿಸಿದ ಹೆಸರು. ಅವಳಿಗೆ ನೆಟ್ಟಗಿನ ಹೆಸರೊಂದಿದೆ, ಈಗ ಅದನ್ನು ಹಿಡಿದು ಕರೆಯುವವರು ಬ್ಯಾಂಕಿನವರು ಮಾತ್ರ. ಹಿಂದೆ ಅಪ್ಪ ಸಿನಿಮಾ ಟಾಕೀಸಿನ ಪಕ್ಕದ ನೆಲಮಾಳಿಗೆಯಲ್ಲಿ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದ. ಗೋಡೆಗೆ ಒರಗಿಸಿದ ಬೀರುವಿನಷ್ಟೆತ್ತರದ ಯಂತ್ರಗಳು. ದುಡ್ಡು ಕೊಟ್ಟು ಹಿತ್ತಾಳೆಯ ಬಿಲ್ಲೆ ಕೊಳ್ಳಬೇಕು, ಬಿಲ್ಲೆ ನುಂಗಿದ ಮೇಲೆಯೇ ಯಂತ್ರ ಆಟಕ್ಕೆ ಎದ್ದೇಳುತ್ತಿತ್ತು. ಬಿಲ್ಲೆ ಕೊಡುವ ಕಿಂಡಿಯ ಹಿಂದೆ ಕೂತಿರುತ್ತಿದ್ದವಳು ಇವಳು. ಆ ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ಈಗ ಅವಳಿಗೆ ಬಸ್ ನಿಲ್ದಾಣದ ಲಗೇಜ್ ರೂಮಿನಲ್ಲಿ ಕೆಲಸ. ಜನ ಪೆಟ್ಟಿಗೆ ಒಪ್ಪಿಸುತ್ತಾರೆ, ಇವಳು ನಂಬರು ಕೊರೆದ ಬಿಲ್ಲೆ ಕೊಡುತ್ತಾಳೆ. ಇವಳ ಹಣೆಯಲ್ಲಿ ಬರೆಯಲು ಮೇಲಿನವನಿಗೆ ಬೇರೇನೂ ಹೊಳೆಯಲಿಲ್ಲವೆಂದು ಕಾಣುತ್ತದೆ.

ಬಾಗಿಲು ತೆರೆದವಳು ಅಣ್ಣನ ಮಗಳು. ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವಳು, ಮುಖದಲ್ಲಿ ಇನ್ನೂ ಮೊದಲ ಸಂಬಳದ ಕಳೆ.

"ಅತ್ತೆ, ಸರಿಯಾದ ಟೈಮಿಗೆ ಬಂದೆ. ಅಪ್ಪಂಗೆ ಏನು ತಂದಿದ್ದೀನಿ ನೋಡು."

ಹಾಲಿನಲ್ಲಿ ಗೋಡೆಯಗಲದ ಟೀವಿ. ಅದರ ಕೆಳಗೆ ಊಟದ ಡಬ್ಬಿಯಷ್ಟಿದ್ದ ಕಪ್ಪು ಪೆಟ್ಟಿಗೆ. ಟೀವಿಯ ತುಂಬ ಕತ್ತಲೆಯ ಆಕಾಶ, ಮೇಲ್ಗಡೆ ಸಾಲುಸಾಲಾಗಿ ಕಾಲಾಡಿಸುತ್ತಿರುವ ಹುಳುಗಳು, ಕೆಳಗೆ ಒಂಟಿ ಹಸಿರು ಹಡಗು. ಬಿಲ್ಲೆಯ ಕಾಲು ಹೊಸ್ತಿಲಲ್ಲೇ ನಿಂತಿತು.

"ನಿಮ್ಮ ಅಂಗಡೀಲಿ ಇತ್ತಲ್ಲ, ಅದೇ ಆಟ," ಎಂದಳು ಹುಡುಗಿ. "ಮನೇಲಿ ಆಡೋ ಹಾಗೆ ಮಾಡಿದ್ದಾರೆ ಈಗ. ಬಿಲ್ಲೆ ಗಿಲ್ಲೆ ಏನೂ ಬೇಡ, ಸಾಕಪ್ಪಾ ಅನ್ನೋವರೆಗೂ ಆಡಬಹುದು. ಅಪ್ಪ ಯಾವಾಗ್ಲೂ ಆ ರೆಕಾರ್ಡಿನ ಕತೆ ಹೇಳ್ತಿರ್ತಾರಲ್ಲ, ಒಂದ್ಸಲ ಕಣ್ಣಾರೆ ನೋಡೋಣ ಅಂತ."

ಸೋಫಾದ ನಡುವೆ ಅಣ್ಣ ಕೂತಿದ್ದ, ಕೈಯಲ್ಲಿ ಗುಂಡಿಗಳಿರುವ ಹಿಡಿಕೆ. ಅವನನ್ನು ಮನೆಯಲ್ಲಿ, ಬೀದಿಯಲ್ಲಿ, ಅವನ ಲಿಫ್ಟ್ ಕಂಪನಿಯಲ್ಲಿ ಎಲ್ಲರೂ ಕರೆಯುವುದು ಕ್ಯಾಪ್ಟನ್ ಎಂದು. ಆ ಹೆಸರು ಬಂದದ್ದೂ ಆ ರೆಕಾರ್ಡಿನಿಂದಲೇ. ತಂಗಿಯನ್ನು ನೋಡಿ ಕ್ಯಾಪ್ಟನ್ ನಕ್ಕ, ಆದರೆ ನಗು ಹಲ್ಲಿನಾಚೆಗೆ ದಾಟಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಪ್ಪ, ಕಿವಿಗೆ ಯಂತ್ರ, ಮಡಿಲಲ್ಲಿ ಟವೆಲ್ಲು. ಮಗಳು ಬಂದಳೆಂದು ಆಗಲೇ ಚಪ್ಪಲಿಯಿಂದ ಪಾದ ಹೊರಗೆಳೆದುಕೊಂಡಿದ್ದ.

"ತಡಿ ಬಿಲ್ಲೆ, ಇವನದೊಂದು ಆಟ ಮುಗೀಲಿ," ಎಂದ ಅಪ್ಪ.

ಆ ರೆಕಾರ್ಡಿನ ಕತೆಯನ್ನು ಹೇಳಿಯೇ ಮುಂದೆ ಹೋಗಬೇಕು, ಏಕೆಂದರೆ ಕ್ಯಾಪ್ಟನ್ ಹೇಳುವ ಕತೆಯಲ್ಲಿ ಬಹಳಷ್ಟು ಸುಳ್ಳಿದೆ.

ಅಪ್ಪನ ಅಂಗಡಿಗೆ ಈ ಹುಳುಗಳ ಯಂತ್ರ ಬಂದದ್ದು ಸೆಕೆಂಡ್ ಹ್ಯಾಂಡಾಗಿ. ಅದರ ಪರದೆಯ ಬಲಮಗ್ಗುಲು ಅಂಗೈಯಗಲ ಸುಟ್ಟುಹೋಗಿ ಕಪ್ಪಾಗಿತ್ತು. ರಿಪೇರಿಗೆ ಹಾಕುವ ದುಡ್ಡಿಗೆ ಹೊಸದೇ ಬರುತ್ತದೆಂದು ಅಪ್ಪ ಹಾಗೆಯೇ ಬಿಟ್ಟ. ಅದಕ್ಕೆ ಒಕ್ಕಣ್ಣ ಎಂದು ಹೆಸರಾಯಿತು. ಮೇಲಿನಿಂದ ಇಳಿಯುವ ಹುಳುಗಳು ಸಾಲಾಗಿ ಬಲಕ್ಕೆ ಜರುಗಿ ಆ ಕಪ್ಪು ಪಟ್ಟಿಯೊಳಗೆ ಮಾಯವಾಗುತ್ತಿದ್ದವು, ಮತ್ತೆ ಹೊರಬರುವಾಗ ಒಂದು ಮೆಟ್ಟಿಲು ಕೆಳಗಿಳಿದಿರುತ್ತಿದ್ದವು. ನಮ್ಮ ಹಡಗು ಪಟ್ಟಿಯೊಳಕ್ಕೆ ಹೋದರೆ ಅದೂ ಕಾಣುತ್ತಿರಲಿಲ್ಲ, ಅದರ ತಲೆಯ ಮೇಲೆ ಬೀಳುವ ಗುಂಡೂ ಕಾಣುತ್ತಿರಲಿಲ್ಲ. ಹೋದವನು ಸತ್ತ ಎಂದೇ ಲೆಕ್ಕ. ಗಿರಾಕಿಗಳು ಒಂದು ಬಿಲ್ಲೆ ಕಳೆದುಕೊಂಡು, ಯಂತ್ರಕ್ಕೊಂದು ಒದೆ ಕೊಟ್ಟು, ಪಕ್ಕದ ಕಾರ್ ರೇಸಿಗೆ ಹೋಗುತ್ತಿದ್ದರು. ಕ್ಯಾಪ್ಟನ್ನೂ ಹಾಗೆಯೇ. ಅವನಿಗೆ ಸ್ಟೀರಿಂಗ್ ತಿರುಗಿಸುವ ಯಂತ್ರವೇ ಇಷ್ಟ, ಸುತ್ತ ನಾಲ್ಕು ಜನ ನಿಂತು ನೋಡಬೇಕು.

ಅಂಗಡಿಯ ಶಟರ್ ಎತ್ತಿ, ಕಸ ಗುಡಿಸಿ, ಒಂದೊಂದೇ ಯಂತ್ರ ಒರೆಸಿ, ಗಿರಾಕಿ ಬರುವ ಮುಂಚೆ ಪ್ರತಿಯೊಂದನ್ನೂ ಒಮ್ಮೆ ಆಡಿ ನೋಡುವುದು ಬಿಲ್ಲೆಯ ಕೆಲಸ. ಗುಂಡಿ ಕಚ್ಚಿಕೊಂಡಿದೆಯೋ, ಆಡಿಸುವ ಕೋಲು ಅಲುಗಾಡುತ್ತದೋ ಗೊತ್ತಾಗಬೇಕಲ್ಲ. ಅದಕ್ಕೆಂದೇ ಅಪ್ಪ ಕೆಲವು ಬಿಲ್ಲೆಗಳಿಗೆ ಕೆಂಪು ಬಣ್ಣ ಬಳಿದು ಬೇರೆ ಇಟ್ಟಿದ್ದ. ಎಲ್ಲ ಯಂತ್ರಗಳನ್ನೂ ಗಡಿಬಿಡಿಯಲ್ಲಿ ಮುಗಿಸಿ ಅವಳು ಕೊನೆಗೆ ಒಕ್ಕಣ್ಣನ ಮುಂದೆ ನಿಲ್ಲುತ್ತಿದ್ದಳು. ಕಣ್ಣಿಗೆ ಕಾಣದ್ದನ್ನು ಅವಳು ಕಿವಿಯಿಂದ ಹಿಡಿದಳು. ಹುಳುಗಳು ಜರುಗುವಾಗ ಡುಂ ಡುಂ ಎಂದು ಸದ್ದಾಗುತ್ತದೆ. ಎಷ್ಟು ಡುಂ ಆದ ಮೇಲೆ ಅವು ಪಟ್ಟಿಯ ಗೋಡೆ ಮುಟ್ಟಿ ತಿರುಗುತ್ತವೆ, ಯಾವ ಡುಂಗೆ ಮೊದಲ ಹುಳದ ಮೀಸೆ ಹೊರಗೆ ಇಣುಕುತ್ತದೆ, ಎಲ್ಲ ಅವಳ ಬಾಯಿಪಾಠವಾಯಿತು. ಪಟ್ಟಿಯ ಅಂಚಿನಲ್ಲಿ ಹಡಗು ನಿಲ್ಲಿಸಿಕೊಂಡು, ಒಳಗೆ ಕಾಲಿಡದೆ, ಹೊರಬಂದವನನ್ನು ಬಂದಂತೆ ಹೊಡೆಯುತ್ತಿದ್ದಳು. ಒಮ್ಮೊಮ್ಮೆ ಆಕಾಶದ ತುದಿಯಲ್ಲಿ ಕೆಂಪು ಹಡಗೊಂದು ಕೂಗಿಕೊಂಡು ಓಡುತ್ತಿತ್ತು. ಅದಕ್ಕೆ ಅವಳು ಸೋದರಮಾವ ಎಂದು ಹೆಸರಿಟ್ಟಿದ್ದಳು. ಬರುವುದೇ ಅಪರೂಪ, ಬಂದರೆ ಗದ್ದಲ, ನಿಲ್ಲುವುದಂತೂ ಇಲ್ಲ. ಕೈಗೆ ಸಿಕ್ಕರೆ ಮಾತ್ರ ಭರ್ತಿ ಲಾಭ.

ಒಂದು ದಿನ ಬೆಳಿಗ್ಗೆ ಅವಳು ಆಡುತ್ತಲೇ ಹೋದಳು. ಯಂತ್ರ ಸೋತಿತು ಅನ್ನಬೇಕು. ಕೊನೆಗೆ ಅದು ಗೆದ್ದವರ ಹೆಸರಿನ ಮೂರು ಅಕ್ಷರ ಕೇಳಿತು. ಯಾರೂ ಇಲ್ಲದ ಅಂಗಡಿಯಲ್ಲಿ ಆ ಹುಡುಗಿ ತನ್ನ ಹೆಸರು ಹಾಕಲಿಲ್ಲ. ಅಪ್ಪನ ಹೆಸರಿನ ಮೂರು ಅಕ್ಷರ ಹಾಕಿದಳು. ಅಪ್ಪ ಬಂದು ನೋಡಿ ಹಿಗ್ಗಲಿ ಎಂದು ಅವಳ ಆಸೆ. ಅಪ್ಪನ ಮೇಲೆ ಅವಳಿಗೆ ಅಷ್ಟು ಹುಚ್ಚು ಪ್ರೀತಿ.

ಅವತ್ತೇ ಕಾರ್ ರೇಸಿನ ಸ್ಟೀರಿಂಗ್ ಸರಿ ಮಾಡಲು ರಿಪೇರಿ ಮೇಷ್ಟ್ರು ಬಂದರು. ಯಂತ್ರ ರಿಪೇರಿಯ ಜೊತೆಗೆ ಆ ಕೆಲಸ ಕಲಿಸುವ ಅವರದೊಂದು ಶಾಲೆಯೂ ಇತ್ತು. ಒಕ್ಕಣ್ಣನ ಮೇಲಿನ ಅಂಕಿ ನೋಡಿ ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಈ ಕುರುಡು ಪರದೇಲಿ ಇಷ್ಟು ಆಡಿದ್ದು ಯಾರು? ಕೈ ಕಣ್ಣು ಇಷ್ಟು ಚುರುಕಿರೋರನ್ನ ನನಗೆ ಕೊಡಿ ಯಜಮಾನ್ರೇ. ಫೀಸು ಗೀಸು ಬೇಡ. ಕಲಿಸಿ, ಕೆಲಸಕ್ಕೂ ನಾನೇ ಹಚ್ತೀನಿ," ಎಂದರು. ಯಂತ್ರಕ್ಕೆ ಒರಗಿಕೊಂಡು ನಿಂತಿದ್ದ ಅಣ್ಣ, "ನಾನೇ," ಎಂದ. ಅಷ್ಟೇ, ಒಂದೇ ಮಾತು. ಕಿಂಡಿಯ ಹಿಂದೆ ಬಿಲ್ಲೆ ಬಾಯಿ ತೆರೆದಳು. ಅಷ್ಟರಲ್ಲಿ ಗಿರಾಕಿಯೊಬ್ಬ ದುಡ್ಡು ಚಾಚಿದ. ಅವಳು ಬಿಲ್ಲೆ ಎಣಿಸಿ ಕೊಟ್ಟು ತಲೆಯೆತ್ತುವ ಹೊತ್ತಿಗೆ ಮೇಷ್ಟ್ರು ಅಣ್ಣನ ಬೆನ್ನು ತಟ್ಟುತ್ತಿದ್ದರು.

ಸಂಜೆ ಮನೆಯಲ್ಲಿ ಅವಳು ಅಪ್ಪನಿಗೆ ಹೇಳಿದಳು, ಅದು ನಾನು ಆಡಿದ್ದು ಅಂತ. ಅಪ್ಪ ಬೂಟಿನ ಲೇಸು ಬಿಚ್ಚುತ್ತಾ, "ಯಾರು ನೋಡಿದ್ರು?" ಎಂದ. ಯಾರೂ ನೋಡಿರಲಿಲ್ಲ. ಮಾತು ಅಲ್ಲಿಗೆ ಮುಗಿಯಿತು. ಅಣ್ಣ ಕಲಿಯಲು ಹೋದ, ಲಿಫ್ಟ್ ಕಂಪನಿ ಸೇರಿದ, ಮೇಲಕ್ಕೇರಿದ. ಲಿಫ್ಟಿನವನು ಮೇಲಕ್ಕೇರದೆ ಇನ್ನೆಲ್ಲಿಗೆ ಹೋದಾನು. ಬಿಲ್ಲೆ ಅಂಗಡಿ ಮುಚ್ಚುವವರೆಗೂ ಕಿಂಡಿಯ ಹಿಂದೆ ಉಳಿದಳು.

ಅವಳಿಗೆ ಅಣ್ಣನ ಮೇಲೆ ಹೊಟ್ಟೆಯುರಿ ಇತ್ತು, ಅದನ್ನು ಅವಳು ಮುಚ್ಚಿಟ್ಟವಳೂ ಅಲ್ಲ. ಅಪ್ಪನ ಮೇಲೆ ಮಾತ್ರ ಇರಲಿಲ್ಲ. ಪಾಪ, ಅಪ್ಪನಿಗೆ ಗೊತ್ತಿಲ್ಲ. ಗೊತ್ತಿದ್ದರೆ ನನ್ನನ್ನೇ ಕಳಿಸುತ್ತಿದ್ದ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೇ ಅವಳು ಇಷ್ಟು ಕಾಲ ಬದುಕಿದ್ದಳು, ಪ್ರತಿ ವಾರ ಬಂದು ಆ ಪಾದಗಳನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು.

ಈಗ ಟೀವಿಯಲ್ಲಿ ಕ್ಯಾಪ್ಟನ್ ಆಡುತ್ತಿದ್ದ. ಹೊಸ ಪರದೆ, ಮೂಲೆ ಮೂಲೆಯೂ ಬೆಳಕು. ಅವನು ಸದ್ದು ಪೂರ್ತಿ ಇಳಿಸಿ, ಹಡಗನ್ನು ಬಲಮೂಲೆಗೆ ಒಯ್ದು ಗೋಡೆಗಂಟಿಸಿ, ಅಲ್ಲಿಂದ ಗುಂಡು ಸುರಿಸುತ್ತಿದ್ದ. ಬಿಲ್ಲೆಗೆ ನಗು ಬಂತು. ಒಕ್ಕಣ್ಣನ ಮುಂದೆ ಒಂದು ವಾರ ನಿಂತವನು ಕೂಡ ಬಲಮೂಲೆಗೆ ಹೋಗುವವನಲ್ಲ. ಸೋದರಮಾವ ಬಂದು ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಹುಳುಗಳು ಇಳಿದು ಅವನನ್ನು ಮುಗಿಸಿದವು.

"ಕೈ ಬಿಟ್ಟು ಬಹಳ ದಿನ ಆಯ್ತು," ಎಂದು ಕ್ಯಾಪ್ಟನ್ ಬೆರಳು ನೆಟಿಕೆ ಮುರಿದ. ಮಗಳು ಚಪ್ಪಾಳೆ ತಟ್ಟಿದಳು. ಆ ಪೆಟ್ಟಿಗೆಯೊಳಗೆ ಬೇರೆ ಯಾರೂ ಆಡಿರಲಿಲ್ಲವಾದ್ದರಿಂದ ಮೊದಲ ಸ್ಥಾನವೂ ಅವನದೇ ಆಯಿತು. ಮೂರು ಅಕ್ಷರ ಕೇಳಿದ ಕೂಡಲೇ ತನ್ನವನ್ನು ಒತ್ತಿದ, ಒಂದು ಕ್ಷಣವೂ ಯೋಚಿಸಲಿಲ್ಲ.

"ನಾನೊಂದು ಆಟ ಆಡ್ಲಾ?" ಎಂದಳು ಬಿಲ್ಲೆ.

"ನಿನಗ್ಯಾಕೆ ಇದೆಲ್ಲ? ಅಪ್ಪ ಕಾಲು ಚಾಚ್ಕೊಂಡು ಕಾಯ್ತಿದ್ದಾರೆ," ಎಂದ ಕ್ಯಾಪ್ಟನ್.

"ಉಗುರು ಓಡಿ ಹೋಗಲ್ಲ."

ಹುಡುಗಿ ಕ್ಯಾಪ್ಟನ್ನಿನ ಕೈಯಿಂದ ಹಿಡಿಕೆ ಕಿತ್ತು ಅತ್ತೆಗೆ ಕೊಟ್ಟಳು. ಬಿಲ್ಲೆ ಸೋಫಾದ ಮೇಲೆ ಕೂರಲಿಲ್ಲ. ಈ ಆಟವನ್ನು ಕೂತು ಆಡಿ ಅವಳಿಗೆ ಗೊತ್ತಿಲ್ಲ. ಟೀವಿಯ ಮುಂದೆ, ಅಪ್ಪನಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತು, "ಸೌಂಡ್ ಜೋರು ಮಾಡು," ಎಂದಳು.

ಡುಂ. ಡುಂ. ಹಾಲಿನ ಗಾಜಿನ ಬೀರು ಸಣ್ಣಗೆ ಅದುರಿತು. ಕಿಟಕಿಯ ಪಕ್ಕದಲ್ಲಿ ಅಪ್ಪ ಕಿವಿಯ ಯಂತ್ರ ಸರಿಮಾಡಿಕೊಂಡು ನೆಟ್ಟಗಾದ.

ಮೊದಮೊದಲು ಅವಳ ಹೆಬ್ಬೆರಳು ತಡವರಿಸಿತು. ಕೋಲಿನ ಬದಲು ಕಡಲೆಕಾಳಿನಷ್ಟು ಗುಂಡಿ, ಹಡಗು ಎಳೆದ ಕಡೆಗಿಂತ ಮುಂದಕ್ಕೆ ಜಾರುತ್ತಿತ್ತು. ಒಂದು ಆಟಕ್ಕೆ ಮೂರೇ ಹಡಗು. ಒಂದು ಹಡಗು ಹೋಯಿತು. ಕ್ಯಾಪ್ಟನ್ ಫೋನು ಕೈಗೆತ್ತಿಕೊಂಡ, ನಿರಾಳವಾದವನ ಹಾಗೆ. ಆಮೇಲೆ ಯಾವುದೋ ಒಂದು ಡುಂಗೆ ಅವಳ ಮೈಯೇ ಲೆಕ್ಕ ಹಿಡಿಯಿತು. ಹಡಗು ಪರದೆಯ ಮುಕ್ಕಾಲು ಭಾಗಕ್ಕೆ ಬಂದು ನಿಂತಿತು, ಅಲ್ಲಿಂದಾಚೆಗೆ ಇಲ್ಲ. ಹುಳುಗಳು ಬಲಕ್ಕೆ ಹೋದಾಗ ಅವಳು ಸುಮ್ಮನಿರುತ್ತಿದ್ದಳು. ಅವು ತಿರುಗಿ ಬರುವಾಗ, ಬಂದವನನ್ನು ಬಂದಂತೆ. ಒಂದು ಸುತ್ತು ಮುಗಿಯಿತು, ಇನ್ನೊಂದು ಮುಗಿಯಿತು. ಸೋದರಮಾವನ ಕೂಗು ಕೇಳಿದ ಕೂಡಲೇ ಅವಳ ಗುಂಡು ಅವನಿಗಿಂತ ಮೊದಲೇ ಹೊರಟಿರುತ್ತಿತ್ತು. ಕ್ಯಾಪ್ಟನ್ನಿನ ಅಂಕಿ ದಾಟಿತು. ಅವನ ಕೈಯಲ್ಲಿ ಫೋನು ತಾನಾಗಿ ಆರಿಹೋಯಿತು, ಅವನಿಗೆ ತಿಳಿಯಲಿಲ್ಲ.

ಅವಳಿಗೆ ಬೇಕಿದ್ದುದು ಅಂಕಿಯಲ್ಲ. ಅಪ್ಪ ನೋಡಬೇಕು. ಯಾರು ನೋಡಿದ್ರು ಎಂದು ಕೇಳಿದ್ದೆಯಲ್ಲ, ಈಗ ನೋಡು.

"ಅತ್ತೆ, ನೀನು ಬಲಗಡೆಗೆ ಹೋಗೋದೇ ಇಲ್ಲವಲ್ಲ," ಎಂದಳು ಹುಡುಗಿ. "ಅಲ್ಲಿ ಎಷ್ಟು ಜಾಗ ಇದೆ, ಹುಳ ಕಾಣ್ತಾನೇ ಇದಾವೆ. ಸುಮ್ನೆ ಬಿಟ್ಟುಬಿಡ್ತೀಯ. ಅಪ್ಪ ಅಲ್ಲೇ ನಿಂತು ಆಡಿದ್ರು."

ಅದು ಬಿಲ್ಲೆಗೇ ಗೊತ್ತಿರಲಿಲ್ಲ. ಹೌದಲ್ಲ, ಇಲ್ಲಿ ಕಪ್ಪು ಪಟ್ಟಿಯೇ ಇಲ್ಲ. ಆದರೂ ಹೆಬ್ಬೆರಳು ಆ ಅಂಚು ದಾಟಲು ಒಪ್ಪುತ್ತಿರಲಿಲ್ಲ.

"ಅವಳು ಹೋಗಲ್ಲ ಕಣೆ," ಎಂದ ಅಪ್ಪ ಕುರ್ಚಿಯಿಂದ. ದನಿಯಲ್ಲಿ ಹೆಮ್ಮೆಯಿತ್ತು. "ಒಕ್ಕಣ್ಣನಲ್ಲಿ ಗೆದ್ದೋರು ಯಾರೂ ಅಲ್ಲಿಗೆ ಹೋಗಲ್ಲ. ಹೋದವನು ಸತ್ತ ಅಂತಲೇ."

ಅಂಗಡಿಯ ಯಂತ್ರಕ್ಕೆ ಆಟದ ನಡುವೆ ತಡೆಯುವ ಗುಂಡಿ ಇರಲಿಲ್ಲ. ಇದಕ್ಕೆ ಇತ್ತು. ಹುಡುಗಿಯೇ ಕೈ ಚಾಚಿ ಅದನ್ನು ಒತ್ತಿದಳು. ಹುಳುಗಳು ಇದ್ದಲ್ಲೇ ನಿಂತವು.

"ಗೆದ್ದೋರಾ? ತಾತ, ಗೆದ್ದಿದ್ದು ಅಪ್ಪ ಅಲ್ವಾ?"

ಬಿಲ್ಲೆ ಅಪ್ಪನ ಕಡೆ ತಿರುಗಿದಳು. ಇಷ್ಟು ವರ್ಷ ಕಾದದ್ದಕ್ಕೆ ಇದು ಫಲ ಎಂದುಕೊಂಡಳು.

"ಈಗ ಗೊತ್ತಾಯ್ತಾ ಅಪ್ಪ?"

"ಈಗ ಯಾಕೆ?" ಎಂದ ಅಪ್ಪ. "ಅವತ್ತೇ ಗೊತ್ತಿತ್ತು. ನೀನು ನನ್ನ ಹೆಸರು ಹಾಕಿದ್ದೆಯಲ್ಲ. ಇವನಾಗಿದ್ರೆ ಹಾಕ್ತಿದ್ನಾ? ಇವನು ತನ್ನ ಹೆಸರು ಬಿಟ್ಟು ಇನ್ನೊಬ್ಬರದು ಬರೆಯೋ ಪೈಕಿನಾ? ನೋಡಿದ ತಕ್ಷಣ ಅಂದ್ಕೊಂಡೆ, ಇದು ನಮ್ಮ ಬಿಲ್ಲೆ ಕೆಲಸ ಅಂತ."

ಬಿಲ್ಲೆ ಹಿಡಿಕೆಯನ್ನು ಕೆಳಗಿಳಿಸಿದಳು. "ಮತ್ತೆ ನಾನು ಹೇಳಿದಾಗ, ಯಾರು ನೋಡಿದ್ರು ಅಂದೆ."

"ಇನ್ನೇನು ಅನ್ಲಿ?" ಅಪ್ಪನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂಗಡಿಯ ವ್ಯವಹಾರ ಹೇಳುವವನ ಹಾಗೆ ಹೇಳುತ್ತಿದ್ದ. "ನಿನ್ನನ್ನ ಕಳಿಸಿ ಅಂಗಡಿ ನಡೆಸೋದು ಹೇಗೆ? ಶಟರ್ ಎತ್ತೋಳು ನೀನು, ಕಿಂಡೀಲಿ ಕೂರೋಳು ನೀನು. ಇವನನ್ನ ಕೂರಿಸಿದ್ರೆ ಸಾಯಂಕಾಲದೊಳಗೆ ಅರ್ಧ ಬಿಲ್ಲೆ ಸ್ನೇಹಿತರ ಜೇಬಲ್ಲಿ ಇರ್ತಿದ್ವು. ಕೈಗೆ ಬಂದೋಳನ್ನ ಹೊರಗೆ ಕಳಿಸಿ, ಕೈಲಾಗದವನನ್ನ ಮನೇಲಿ ಇಟ್ಕೊಳ್ಳೋಕಾಗುತ್ತಾ? ಅದಕ್ಕೇ ಇವನನ್ನ ಸಾಗಹಾಕಿದೆ. ಇವನೂ ಒಂದು ದಡ ಸೇರಿದ, ಅಂಗಡೀನೂ ನಡೀತು. ಯಾರಿಗೂ ಲುಕ್ಸಾನಾಗಲಿಲ್ಲವಲ್ಲ."

ಕ್ಯಾಪ್ಟನ್ ತನ್ನ ಮನೆಯ ಸೋಫಾದಲ್ಲಿ, ತನ್ನ ಮಗಳ ಮುಂದೆ, ಮುಖ ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದ. ಇಷ್ಟು ಕಾಲ ತಾನು ಕದ್ದೆನೆಂದು ಒಳಗೊಳಗೆ ಅಂಜಿಕೊಂಡಿದ್ದವನಿಗೆ, ತನ್ನ ಕೈಗೆ ಅದನ್ನು ಬೇಡದ ಸಾಮಾನಿನಂತೆ ತುರುಕಿದ್ದರೆಂದು ಈಗ ತಿಳಿಯಿತು. ಬೇರೆ ದಿನವಾಗಿದ್ದರೆ ಬಿಲ್ಲೆಗೆ ಅದರಿಂದ ಸಂತೋಷವಾಗುತ್ತಿತ್ತು. ಇವತ್ತು ಅದಕ್ಕೂ ಜಾಗವಿರಲಿಲ್ಲ. ಅಪ್ಪನಿಗೆ ಗೊತ್ತಿಲ್ಲ ಎಂಬ ಒಂದೇ ಒಂದು ಸಮಾಧಾನವನ್ನು ಅವಳು ಯಾರೂ ಮುಟ್ಟದಂತೆ ಕಾಪಾಡಿಕೊಂಡು ಬಂದಿದ್ದಳು. ಅದನ್ನು ಅಪ್ಪ ಟವೆಲ್ಲಿನ ಮೇಲಿನ ಧೂಳು ಕೊಡವಿದಷ್ಟು ಸಲೀಸಾಗಿ ಕೊಡವಿಬಿಟ್ಟ. ಅದೂ ಹೊಗಳುತ್ತಾ.

"ಆಡು ಆಡು, ಯಾಕೆ ನಿಲ್ಲಿಸಿದೆ?" ಎಂದ ಅಪ್ಪ. "ಚೆನ್ನಾಗಿ ಬರ್ತಿತ್ತು."

ಬಿಲ್ಲೆ ತಿರುಗಿ ಗುಂಡಿ ಒತ್ತಿದಳು. ಡುಂ ಡುಂ ಮತ್ತೆ ಶುರುವಾಯಿತು. ಅವಳು ಹಡಗನ್ನು ಬಲಕ್ಕೆ ಒಯ್ದಳು, ಅಂಚು ದಾಟಿ, ಪಟ್ಟಿ ಇರಬೇಕಾಗಿದ್ದ ಜಾಗದೊಳಕ್ಕೆ, ಮೂಲೆಯವರೆಗೆ. ಅಲ್ಲಿ ಏನೂ ಇರಲಿಲ್ಲ. ಬೇರೆ ಕಡೆ ಇದ್ದಂಥದೇ ಬೆಳಕು. ಇಷ್ಟಕ್ಕೆ ಇಷ್ಟು ಹೆದರಿದೆನೇ ಎನಿಸಿ ಅವಳ ಹೆಬ್ಬೆರಳು ಸುಮ್ಮನಾಯಿತು. ಹುಳುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದವು. ಒಂದು ಹಡಗು ಹೋಯಿತು. ಕೊನೆಯದೂ ಹೋಯಿತು.

ಅಂಕಿ ಮಾತ್ರ ಮೊದಲ ಸ್ಥಾನದ್ದೇ. ಪರದೆ ಮೂರು ಅಕ್ಷರ ಕೇಳಿತು.

"ಅತ್ತೆ, ನಿನ್ನ ಹೆಸರು ಹಾಕು," ಎಂದಳು ಹುಡುಗಿ ಮೆಲ್ಲಗೆ. ಅವಳ ಕಣ್ಣು ತುಂಬಿತ್ತು.

ಬಿಲ್ಲೆ ನೋಡುತ್ತಾಳೆ, ಮೊದಲ ಮನೆಯಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ ಆಗಲೇ ಬಂದು ಕೂತಿದೆ. ಅವಳ ಹೆಬ್ಬೆರಳು ಅವಳನ್ನು ಕೇಳದೆಯೇ ಒತ್ತಿಬಿಟ್ಟಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯ ಬಂತು. ಹಿಡಿಕೆಯನ್ನು ಟೀಪಾಯಿಯ ಮೇಲಿಟ್ಟು, ಬೆರಳನ್ನು ಸೀರೆಗೆ ಒರೆಸಿಕೊಂಡಳು.

"ಮುಗೀತಾ? ಬಾ ಹಾಗಾದ್ರೆ," ಎಂದು ಅಪ್ಪ ಪಾದ ಮುಂದಕ್ಕೆ ಚಾಚಿದ. "ಹೆಬ್ಬೆಟ್ಟಿಂದು ಒಳಗೆ ಬೆಳೀತಿದೆ ಕಣೆ, ಹುಷಾರಾಗಿ ತೆಗೀಬೇಕು. ನಿನ್ನಷ್ಟು ನಾಜೂಕು ಯಾರಿಗೂ ಬರಲ್ಲ."

ಬಿಲ್ಲೆ ಚೀಲದಿಂದ ನೇಲ್ ಕಟರ್ ತೆಗೆದಳು. ಅಪ್ಪನ ಕುರ್ಚಿಯವರೆಗೆ ಹೋಗಲಿಲ್ಲ. ಸೋಫಾದ ಮುಂದೆ ನಿಂತು ಅದನ್ನು ಅಣ್ಣನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಮಡಿಚಿದಳು.

"ಕೈ ಕಣ್ಣು ಚುರುಕಿರೋರು ಬೇಕು ಇದಕ್ಕೆ," ಎಂದಳು. "ಇನ್ಮೇಲೆ ನೀನೇ ಮಾಡು."

"ಬಿಲ್ಲೆ," ಎಂದ ಅಪ್ಪ. ಅವಳು ತಿರುಗಲಿಲ್ಲ. "ಬರೋ ಭಾನುವಾರ ಬರ್ತೀಯಲ್ಲ?"

ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ಎಳೆದುಕೊಂಡಳು. ಒಳಗೆ ಟೀವಿಯ ಮೇಲೆ ಅಪ್ಪನ ಒಂದು ಅಕ್ಷರ ಮಿನುಗುತ್ತಾ ಉಳಿದೆರಡಕ್ಕೆ ಕಾಯುತ್ತಿತ್ತು. ಅಂಗಡಿಯ ಒಕ್ಕಣ್ಣನಾಗಿದ್ದರೆ ಸ್ವಲ್ಪ ಹೊತ್ತು ನೋಡಿ ಅಳಿಸಿಹಾಕುತ್ತಿದ್ದ. ಇದು ಮನೆಯಲ್ಲಿ ಆಡುವಂಥದ್ದು, ಯಾರಾದರೂ ಬಂದು ತುಂಬುವವರೆಗೂ ಕಾಯುತ್ತದೆ. ಲಗೇಜ್ ರೂಮಿನಲ್ಲಿ ಮಧ್ಯಾಹ್ನದ ಪಾಳಿ ಶುರುವಾಗಲು ಇನ್ನೂ ಹೊತ್ತಿತ್ತು, ಆದರೂ ಬಿಲ್ಲೆ ನೆಟ್ಟಗೆ ಬಸ್ ಸ್ಟಾಪಿಗೆ ನಡೆದಳು.